ಸೈಟು ಅಡವಿಟ್ಟು ಆಕಾಶಕ್ಕೆ

ಮಗ ಎಂಜಿನಿಯರಿಂಗ್ ಓದುತ್ತಾನೆ ಅಂದರೆ ನಮ್ಮ ಕಡೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ‘ಯಾವ ಬ್ರಾಂಚು?’ ಅಂದು ಸುಮ್ಮನಾಗುತ್ತಾರೆ. ಅದೇ ‘ಹೆಲಿಕಾಪ್ಟರ್ ಪೈಲಟ್ ಆಗ್ತಾನಂತೆ’ ಅಂದು ನೋಡಿ! ‘ಅದಕ್ಕೂ ಕೋರ್ಸ್ ಇದ್ಯಾ?’ ಎಂಬಲ್ಲಿಂದ ಶುರುವಾದ ಮಾತು ‘ಬಿದ್ರೆ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಎಂಬತ್ತು ದಾಟಿದ ನಮ್ಮಜ್ಜಿ ಮಾತ್ರ ಬೇರೆಯೇ ಕೇಳಿದ್ದು: ‘ಅದಕ್ಕೆ ಹಾರ್ನ್ ಇರ್ತದೇನೋ ಮಗಾ?’

ಹಾರುತ್ತಿರುವುದು ನಾನಲ್ಲ, ನನ್ನ ತಮ್ಮ. ನಾನು ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತೇನೆ. ‘ಮನೆಯವರ ಬೆಂಬಲದಿಂದ ಈ ಸಾಧನೆ’ ಎಂದು ಪೇಪರಿನಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದಲ್ಲ, ಆ ಬೆಂಬಲದೊಳಗೆ ಏನೇನಿರುತ್ತದೆ ಎಂದು ಈ ಎರಡು ವರ್ಷ ಹತ್ತಿರದಿಂದ ನೋಡಿದೆ. ಇದೇ ದಾರಿ ಹಿಡಿಯಬೇಕೆಂದಿರುವವರಿಗೂ ಅವರ ಅಕ್ಕ-ಅಣ್ಣಂದಿರಿಗೂ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ನಮ್ಮದು ಗುಬ್ಬಿ ತಾಲ್ಲೂಕು, ನಿಟ್ಟೂರಿನ ಹತ್ತಿರದ ಹಳ್ಳಿ. ತೆಂಗು, ಅಡಿಕೆ, ಮಳೆ ಬಂದರೆ ರಾಗಿ. ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆ ಆದಾಗ ತಮ್ಮ ಇನ್ನೂ ಹೈಸ್ಕೂಲು. 2023ರ ಫೆಬ್ರುವರಿ 6ರಂದು ಅದು ಉದ್ಘಾಟನೆಯಾದಾಗ ಬಿ.ಎಸ್ಸಿ. ಕೊನೆಯ ವರ್ಷ. ಊರಿನ ಹುಡುಗರೆಲ್ಲ ಅಲ್ಲಿ ಫಿಟ್ಟರ್ ಕೆಲಸ ಸಿಕ್ಕೀತಾ, ಕ್ಯಾಂಟೀನ್ ಕಂಟ್ರಾಕ್ಟ್ ಸಿಕ್ಕೀತಾ ಎಂದು ಲೆಕ್ಕ ಹಾಕುತ್ತಿದ್ದರು. ಇವನು ಮಾತ್ರ, ‘ಮಾಡೋಕೆ ಇಷ್ಟೊಂದು ಜನ ಬೇಕು ಅಂತಾರಲ್ಲಕ್ಕ, ಹಾರಿಸೋರು ಎಲ್ಲಿಂದ ಬರ್ತಾರೆ?’ ಅಂದ.

ಅದಕ್ಕೆ ಅಪ್ಪ ಕೊಟ್ಟ ಉತ್ತರವೇ ಸರಿಯಾದದ್ದು: ‘ಮಿಲಿಟರಿಯಿಂದ ಬರ್ತಾರೆ. ಅಲ್ಲಿ ಸರ್ಕಾರವೇ ಸಂಬಳ ಕೊಟ್ಟು ಕಲಿಸ್ತದೆ. ಅಲ್ಲಿಗೇ ಹೋಗು.’ ನಮ್ಮ ದೇಶದಲ್ಲಿ ಖಾಸಗಿ ಹೆಲಿಕಾಪ್ಟರ್ ನಡೆಸುವವರಲ್ಲಿ ಹೆಚ್ಚಿನವರು ಸೇನೆಯಿಂದ ನಿವೃತ್ತರಾಗಿ ಬಂದವರೇ. ವಾಯುಪಡೆಯವರು ಹೈದರಾಬಾದ್ ಬಳಿಯ ಹಕೀಂಪೇಟೆಯಲ್ಲಿ, ಭೂಸೇನೆಯವರು ನಾಸಿಕ್‌ನಲ್ಲಿ, ನೌಕಾಪಡೆಯವರು ಅರಕ್ಕೋಣಂನಲ್ಲಿ ಕಲಿಯುತ್ತಾರೆ. ತಮ್ಮ ಎಎಫ್‌ಕ್ಯಾಟ್ ಬರೆದ, ಪಾಸಾದ. ಎರಡು ಸಲ ಮೈಸೂರಿನ ಆಯ್ಕೆ ಮಂಡಳಿಗೆ ಹೋಗಿ ಬಂದ. ಎರಡು ಸಲವೂ ಕೊನೆಯ ದಿನ ಇವನ ನಂಬರ್ ಕೂಗಲಿಲ್ಲ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿ ಪದವಿಯಲ್ಲಿ ಶೇ 60 ಅಂಕ ಇರುವವರು ಮೊದಲು ತಟ್ಟಬೇಕಾದ ಬಾಗಿಲು ಅದೇ ಎಂದು ಈಗಲೂ ಹೇಳುತ್ತೇನೆ. ದುಡ್ಡು ಕಟ್ಟಿ ಕಲಿಯುವುದು ಅಲ್ಲಿ ಆಗದಿದ್ದರೆ ನೋಡಬೇಕಾದ ದಾರಿ.

ಎರಡನೇ ಸಲ ಮೈಸೂರಿನಿಂದ ಬಂದವನು ವಾರಗಟ್ಟಲೆ ತೋಟದಲ್ಲೇ ಇದ್ದ. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನೇ ಕೇಳಿದರು, ‘ದುಡ್ಡು ಕೊಟ್ಟು ಕಲಿಯೋದಾದ್ರೆ ಎಷ್ಟಾಗ್ತದೆ?’

ಎಷ್ಟಾಗುತ್ತದೆ ಎಂದು ತಿಳಿಯಲು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಮೂವರೂ ಹೋದೆವು. ಎಸಿ ರೂಮು, ಗೋಡೆ ತುಂಬ ಹೆಲಿಕಾಪ್ಟರ್ ಚಿತ್ರ, ‘ನೂರಕ್ಕೆ ನೂರು ಉದ್ಯೋಗ ಗ್ಯಾರಂಟಿ’ ಎಂಬ ಮಾತು. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: ‘ನಿಮ್ಮಿಂದ ಹೋಗಿ ಕೆಲಸ ಸಿಕ್ಕಿರೋ ಒಬ್ಬ ಹುಡುಗನ ಫೋನ್ ನಂಬರ್ ಕೊಡಿ ಸಾರ್, ಸಾಕು.’ ಸಂಜೆ ಕಳಿಸುತ್ತೇವೆ ಎಂದರು. ಆ ಸಂಜೆ ಇನ್ನೂ ಆಗಿಲ್ಲ. ಆಮೇಲೆ ತಮ್ಮ ಡಿಜಿಸಿಎ ನಿಯಮಗಳನ್ನು ತಾನೇ ಕೂತು ಓದಿದ. ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು (ಕಾಮರ್ಸ್ ಓದಿದವರು ಎನ್‌ಐಒಎಸ್ ಮೂಲಕ ಆ ಎರಡು ವಿಷಯ ಬರೆದು ಬರುತ್ತಾರೆ). ವಯಸ್ಸು ಹದಿನೆಂಟು ತುಂಬಿರಬೇಕು. ಹೆಲಿಕಾಪ್ಟರಿನ ಕಮರ್ಷಿಯಲ್ ಲೈಸೆನ್ಸಿಗೆ 150 ಗಂಟೆ ಹಾರಾಟ ಬೇಕು. ನ್ಯಾವಿಗೇಷನ್, ಹವಾಮಾನ, ನಿಯಮಾವಳಿಯ ಪೇಪರುಗಳಿವೆ, ಪ್ರತಿಯೊಂದರಲ್ಲೂ ನೂರಕ್ಕೆ ಎಪ್ಪತ್ತು ಬಂದರೇ ಪಾಸು. ಜೊತೆಗೆ ರೇಡಿಯೊದಲ್ಲಿ ಮಾತಾಡಲು ಆರ್‌ಟಿಆರ್ ಪರೀಕ್ಷೆ.

ಇದೆಲ್ಲಕ್ಕಿಂತ ಮೊದಲು ವೈದ್ಯಕೀಯ. ಮೊದಲು ಕ್ಲಾಸ್-2, ಆಮೇಲೆ ಕ್ಲಾಸ್-1. ತಮ್ಮನಿಗೆ ಕ್ಲಾಸ್-1 ಆಗಿದ್ದು ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ. ಅಲ್ಲಿ ಅವನಿಗೆ ಪರಿಚಯವಾದ ಒಬ್ಬ ಹುಡುಗ ಕೋಚಿಂಗಿಗೆ ಲಕ್ಷಗಟ್ಟಲೆ ಕಟ್ಟಿ ಬಂದಿದ್ದನಂತೆ. ಕೆಂಪು, ಹಸಿರು ಬಣ್ಣ ಬೇರೆಯಾಗಿ ಕಾಣುವುದಿಲ್ಲ ಎಂದು ಅವನಿಗೆ ಗೊತ್ತಾಗಿದ್ದೇ ಆ ದಿನ. ಕನ್ನಡಕ ಇದ್ದರೆ ಅಷ್ಟು ತೊಂದರೆಯಿಲ್ಲ, ಬಣ್ಣದ ದೋಷ ಇದ್ದರೆ ಕಷ್ಟ. ಕ್ಲಾಸ್-1 ಕೈಗೆ ಬರುವ ತನಕ ಯಾರಿಗೂ ಒಂದು ರೂಪಾಯಿ ಮುಂಗಡ ಕೊಡಬೇಡಿ.

ಈಗ ದುಡ್ಡಿನ ವಿಷಯ. ಅಮೆರಿಕದ ಶಾಲೆಗಳಲ್ಲಿ ಕಲಿಯುವುದು ಹೆಚ್ಚಾಗಿ ರಾಬಿನ್ಸನ್ ಆರ್-22 ಎಂಬ ಎರಡೇ ಸೀಟಿನ ಪುಟ್ಟ ಹೆಲಿಕಾಪ್ಟರಿನಲ್ಲಿ. ನಮಗೆ ಬಂದ ಕೊಟೇಶನ್ನಿನಲ್ಲಿ ಶಿಕ್ಷಕರ ಸಮೇತ ಗಂಟೆಗೆ ಮುನ್ನೂರೈವತ್ತು ಡಾಲರ್ ಹತ್ತಿರ ಇತ್ತು. ಅದನ್ನು ನೂರೈವತ್ತರಿಂದ ಗುಣಿಸಿ, ರೂಪಾಯಿಗೆ ತಿರುಗಿಸಿದೆ. ನಲವತ್ತೈದು ಲಕ್ಷ. ಬಾಡಿಗೆ, ಊಟ, ವಿಮೆ, ಪರೀಕ್ಷೆ ಶುಲ್ಕ ಸೇರಿಸಿದರೆ ಅರವತ್ತರ ಹತ್ತಿರ ಬರುತ್ತದೆ. ಆ ಹಾಳೆಯನ್ನು ಎರಡು ದಿನ ಅಪ್ಪನಿಗೆ ತೋರಿಸಲಿಲ್ಲ. ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ನೋಡಿ, ‘ಕೊಬ್ಬರಿ ರೇಟು ಹೀಗೇ ಇದ್ರೆ ಎಷ್ಟು ವರ್ಷ?’ ಎಂದರು. ನಾನು ಲೆಕ್ಕ ಹಾಕಲು ಹೋಗಲಿಲ್ಲ. ಕೊಬ್ಬರಿ ರೇಟು ಯಾವ ವರ್ಷ ಹೀಗೇ ಇದ್ದಿದ್ದು!

ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿಗೆ ಆಸ್ತಿಯ ಭದ್ರತೆ ಕೊಡಬೇಕು. ವಿದೇಶದ ಓದಾದರೆ ನೂರಕ್ಕೆ ಹದಿನೈದರಷ್ಟು ನಾವೇ ಹಾಕಬೇಕು. ನಮಗಿರುವುದು ಮೂರೂವರೆ ಎಕರೆ ತೋಟ. ಮ್ಯಾನೇಜರು ಪಹಣಿ ನೋಡಿದವರೇ ವಾಪಸ್ ಕೊಟ್ಟರು, ಕೃಷಿ ಜಮೀನು ಆಗಲ್ಲ ಎಂದು. ಉಳಿದದ್ದು ತುಮಕೂರಿನ ಮೂವತ್ತು-ನಲವತ್ತರ ಸೈಟು. ಅದು ನನ್ನ ಹೆಸರಿನಲ್ಲಿದೆ. ನನ್ನ ಮದುವೆಗೆ ಎಂದು ಹತ್ತು ವರ್ಷದ ಹಿಂದೆ ಅಪ್ಪ ತೆಗೆದಿಟ್ಟದ್ದು.

ನನ್ನನ್ನು ಯಾರೂ ಕೇಳಲಿಲ್ಲ. ಅಪ್ಪ ಕೇಳಲಾರರು, ತಮ್ಮ ಕೇಳಲು ಹೆದರಿದ. ಅಮ್ಮ ಮಾತ್ರ ಬೇಡವೇ ಬೇಡ ಎಂದು ಹಟ ಹಿಡಿದರು. ನಾನೇ ಅಪ್ಪನ ಹತ್ತಿರ ಹೋಗಿ, ‘ಅಡ ಇಡೋಣ, ಮಾರೋದು ಬೇಡ’ ಎಂದೆ. ತ್ಯಾಗ ಗೀಗ ಎಂದು ದಯವಿಟ್ಟು ತಿಳಿಯಬೇಡಿ. ಒಂದು ಷರತ್ತು ಹಾಕಿದ್ದೆ: ಕೆಲಸ ಸಿಕ್ಕ ಮೇಲೆ ಮೊದಲು ತೀರಬೇಕಾದದ್ದು ಈ ಸಾಲ, ತಮ್ಮನ ಕಾರು ಬೈಕು ಎಲ್ಲ ಆಮೇಲೆ. ಅದನ್ನು ಬಿಳಿ ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ. ಮನೆಯೊಳಗೆ ಎಂಥ ಪತ್ರ ಎಂದು ಚಿಕ್ಕಪ್ಪ ಬೇಸರ ಮಾಡಿಕೊಂಡರು. ಮನೆಯೊಳಗೇ ಬರೆದಿಟ್ಟುಕೊಳ್ಳಬೇಕು ಎನ್ನುವವಳು ನಾನು. ಬಾಯಿಮಾತಿನಲ್ಲಿ ಕೊಟ್ಟ ದುಡ್ಡಿನಿಂದ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಇ-ಖಾತಾ, ಇಸಿ, ವಕೀಲರ ಅಭಿಪ್ರಾಯ, ಮೌಲ್ಯಮಾಪನ ಎಂದು ನಾಲ್ಕು ತಿಂಗಳು ಓಡಾಡಿದೆವು. ಕೋರ್ಸಿನ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಇರುವುದಿಲ್ಲ, ಆದರೆ ಬಡ್ಡಿ ಸುಮ್ಮನಿರುವುದಿಲ್ಲ. ಆ ಬಡ್ಡಿಯನ್ನು ಈಗ ನನ್ನ ಸಂಬಳದಿಂದ ಕಟ್ಟುತ್ತಿದ್ದೇನೆ. ತಮಾಷೆ ಎಂದರೆ, ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿ ತನಗೆ, ಗಂಡ-ಹೆಂಡತಿಗೆ, ಮಕ್ಕಳಿಗೆ ಅಥವಾ ತಾನು ಕಾನೂನುಬದ್ಧ ಪಾಲಕರಾಗಿರುವ ವಿದ್ಯಾರ್ಥಿಗೆ ಮಾಡಿದ ಸಾಲಕ್ಕೆ ಮಾತ್ರ. ತಮ್ಮನ ಸಾಲ ತೀರಿಸುವ ಅಕ್ಕ ಆ ಕಾನೂನಿಗೆ ಕಾಣಿಸುವುದೇ ಇಲ್ಲ.

ಎಲ್ಲ ತಯಾರಾದ ಹೊತ್ತಿಗೆ 2025ರ ಜೂನ್ 15 ಬಂತು. ಕೇದಾರನಾಥದಿಂದ ಹೊರಟ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು ಏಳು ಜನ ಹೋದರು. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಉತ್ತರಕಾಶಿ ಜಿಲ್ಲೆಯಲ್ಲಿ ಇನ್ನೊಂದು ಬಿದ್ದು ಆರು ಜನ ಹೋಗಿದ್ದರು. ಅಮ್ಮ ಟಿವಿ ಆರಿಸಲಿಲ್ಲ, ಅಡುಗೆಯನ್ನೂ ಮಾಡಲಿಲ್ಲ. ‘ಸೈಟು ಹೋದ್ರೆ ಹೋಗ್ಲಿ, ಮಗ ಹೋದ್ರೆ?’ ಎಂದು ಒಂದೇ ಮಾತು. ಅದಕ್ಕೆ ನಮ್ಮ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ತಮ್ಮ ವಾದ ಮಾಡಲಿಲ್ಲ. ಮೂರ್ನಾಲ್ಕು ದಿನ ಬಿಟ್ಟು, ಗುಬ್ಬಿ ಜಾತ್ರೆಯಲ್ಲಿ ತಂದಿದ್ದ ಕಾಗದದ ಗಿರಗಿಟ್ಲೆ ಹಿಡಿದು ಅಮ್ಮನ ಪಕ್ಕ ಕೂತ. ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುವುದಿಲ್ಲ ಎಂದ. ಎಡಗೈಯಲ್ಲಿರುವ ಕಲೆಕ್ಟಿವ್ ಎಂಬ ಸನ್ನೆಯನ್ನು ಕೂಡಲೇ ಕೆಳಗೆ ತಳ್ಳಿದರೆ ರೆಕ್ಕೆಯ ಓರೆ ಕಡಿಮೆಯಾಗುತ್ತದೆ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಗೇ ರೆಕ್ಕೆ, ಈ ಗಿರಗಿಟ್ಲೆಯಂತೆ, ತಿರುಗುತ್ತಲೇ ಇರುತ್ತದೆ. ನೆಲ ಹತ್ತಿರವಾದಾಗ ಮೂಗು ಎತ್ತಿ ವೇಗ ತಗ್ಗಿಸಿ, ರೆಕ್ಕೆಯಲ್ಲಿ ಉಳಿದ ಸುತ್ತನ್ನು ಬಳಸಿ ಮೆಲ್ಲಗೆ ಇಳಿಸಬಹುದು. ಇದಕ್ಕೆ ಆಟೊರೊಟೇಶನ್ ಎನ್ನುತ್ತಾರೆ. ಆರ್-22ರ ರೆಕ್ಕೆ ಹಗುರ, ಆದ್ದರಿಂದ ಒಂದೆರಡು ಸೆಕೆಂಡಿನೊಳಗೆ ಕೈ ಕೆಲಸ ಮಾಡಬೇಕು. ಅದಕ್ಕಾಗಿಯೇ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಅಮ್ಮ ಎಲ್ಲ ಕೇಳಿ, ‘ಹಂಗಾದ್ರೆ ಅವು ಯಾಕೆ ಬಿದ್ದೋ?’ ಎಂದರು. ತಮ್ಮ ಸುಳ್ಳು ಹೇಳಲಿಲ್ಲ. ಬೆಟ್ಟದ ಹಾರಾಟದಲ್ಲಿ ಎಂಜಿನ್ನಿಗಿಂತ ಮೋಡಕ್ಕೇ ಹೆಚ್ಚು ಹೆದರಬೇಕು ಎಂದ. 2021ರ ಡಿಸೆಂಬರಿನಲ್ಲಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಕೂನೂರಿನ ಬಳಿ ಬಿದ್ದದ್ದೂ ಹಾಗೆಯೇ. ಹವಾಮಾನ ಒಮ್ಮೆಲೇ ಬದಲಾಗಿ ಮೋಡದೊಳಗೆ ಹೊಕ್ಕಿತ್ತು ಎಂದು ತನಿಖೆ ಹೇಳಿತ್ತು. ‘ಮೋಡ ಕಂಡ್ರೆ ಹಿಂದಕ್ಕೆ ತಿರುಗಿಸ್ತೀನಿ ಅಂತ ಮಾತು ಕೊಡು’ ಎಂದು ಅಮ್ಮ ಕೈ ಚಾಚಿದರು. ಕೊಟ್ಟ. ಯಾತ್ರಿಕರು, ಮಾಲೀಕರು, ಹಿಂದೆ ಕೂತ ಮಂತ್ರಿ ಎಲ್ಲರೂ ‘ಹೋಗೋಣ’ ಎನ್ನುವಾಗ ‘ಆಗಲ್ಲ’ ಎನ್ನುವುದು ಸುಲಭವಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಅಮ್ಮನಿಗೆ ಅದನ್ನು ನಾವಿಬ್ಬರೂ ಹೇಳಲಿಲ್ಲ.

ಚೆನ್ನೈಯಲ್ಲಿ ವೀಸಾ, ಬೆರಳಚ್ಚು ಕೊಟ್ಟು ಅಮೆರಿಕದ ಟಿಎಸ್‌ಎ ಒಪ್ಪಿಗೆ, ಎಲ್ಲ ಮುಗಿಸಿ ಸೆಪ್ಟೆಂಬರಿನಲ್ಲಿ ಹೊರಟ. ಮೊದಲ ವಾರ ಫೋನಿನಲ್ಲಿ ಸ್ವರವೇ ಸೋತಿತ್ತು. ಹೆಲಿಕಾಪ್ಟರನ್ನು ಮುಂದಕ್ಕೆ ಓಡಿಸುವುದಕ್ಕಿಂತ ಒಂದೇ ಕಡೆ ನಿಲ್ಲಿಸುವುದು ಕಷ್ಟವಂತೆ. ಎಡಗೈ ಎತ್ತಿದರೆ ಮೂಗು ಬಲಕ್ಕೆ ತಿರುಗುತ್ತದೆ. ಅದನ್ನು ತಡೆಯಲು ಎಡ ಪೆಡಲ್ ತುಳಿದರೆ ಇಡೀ ಯಂತ್ರ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೆ ಬಲಗೈಯ ಸೈಕ್ಲಿಕ್ ಸರಿಪಡಿಸಿದರೆ ಮತ್ತೆ ಎಡಗೈ. ‘ತುಂಬಿದ ಕೊಡ ತಲೆ ಮೇಲಿಟ್ಕೊಂಡು ಗದ್ದೆ ಬದುವಿನ ಮೇಲೆ ನಡೆದಂಗೆ ಕಣಮ್ಮ’ ಎಂದು ವಿವರಿಸಿದ. ‘ಕೊಡ ನೋಡಬಾರದು, ದೂರ ನೋಡ್ಕೊಂಡು ನಡೀಬೇಕು’ ಎಂದರು ಅಮ್ಮ. ಮರುದಿನ ಅವನ ಶಿಕ್ಷಕರು ಹೇಳಿದ್ದೂ ಅದನ್ನೇ, ಕಾಲ ಕೆಳಗಿನ ನೆಲ ನೋಡಬೇಡ, ದೂರದ ಮರ ನೋಡು ಎಂದು. ಅಮ್ಮ ಇದನ್ನು ಹೇಳಿಕೊಳ್ಳದ ಮನೆ ಊರಿನಲ್ಲಿ ಈಗ ಉಳಿದಿಲ್ಲ.

ಆರ್-22ರಲ್ಲಿ ಒಂಟಿಯಾಗಿ ಹಾರುವ ಮುನ್ನ ಶಿಕ್ಷಕರ ಜೊತೆ ಕನಿಷ್ಠ 20 ಗಂಟೆ ಆಗಿರಬೇಕು. ಒಂದು ಸೀಟಿಗೆ 240 ಪೌಂಡ್, ಅಂದರೆ ಸುಮಾರು 109 ಕಿಲೋ ಮಿತಿ. ಶಿಕ್ಷಕರು ದಪ್ಪಗಿದ್ದರೆ ಪೆಟ್ರೋಲು ಕಡಿಮೆ ಹಾಕಬೇಕು! ಮೊದಲ ಸಲ ಒಬ್ಬನೇ ಹಾರಿದ ದಿನ ಅಪ್ಪ ಏನೂ ಮಾತಾಡಲಿಲ್ಲ, ಆವತ್ತೇ ಹುಟ್ಟಿದ ಕರುವಿಗೆ ‘ಬ್ರಾವೊ’ ಎಂದು ಹೆಸರಿಟ್ಟರು. ತಮ್ಮ ಆರ್‌ಟಿಆರ್‌ಗೆ ಓದುವಾಗ ಆಲ್ಫಾ, ಬ್ರಾವೊ, ಚಾರ್ಲಿ ಎಂದು ಮನೆ ತುಂಬ ಒದರಿದ್ದರ ಫಲ.

ಮುಂದೇನು? ಇಲ್ಲಿ ಬಣ್ಣ ಹಚ್ಚಿ ಬರೆಯಲಾರೆ. ಲೈಸೆನ್ಸ್ ತಂದ ಮೇಲೆ ಇಲ್ಲಿನ ಪರೀಕ್ಷೆ ಬರೆದು ಅದನ್ನು ಡಿಜಿಸಿಎ ಲೈಸೆನ್ಸಾಗಿ ಪರಿವರ್ತಿಸಿಕೊಳ್ಳಬೇಕು. ಹವಾಮಾನ ಮತ್ತು ನಿಯಮಾವಳಿಯ ಪೇಪರು ಹೋಗುವ ಮೊದಲೇ ಮುಗಿಸಿದ್ದಾನೆ. ಕೆಲಸ ಇರುವುದು ಮುಂಬೈ ಹೈನ ತೈಲ ಬಾವಿಗಳಿಗೆ ಸಿಬ್ಬಂದಿ ಒಯ್ಯುವ ಪವನ್ ಹಂಸ್‌ನಂಥ ಕಂಪನಿಗಳಲ್ಲಿ, ಕೇದಾರನಾಥ, ವೈಷ್ಣೋದೇವಿಯ ಯಾತ್ರೆಯಲ್ಲಿ, ಚುನಾವಣೆ ಕಾಲದ ಬಾಡಿಗೆ ಹಾರಾಟದಲ್ಲಿ, ದೊಡ್ಡ ಆಸ್ಪತ್ರೆ ಮತ್ತು ಉದ್ಯಮಿಗಳ ಬಳಿ. ಅಲ್ಲೆಲ್ಲ ದೊಡ್ಡ ಯಂತ್ರಗಳು. ಪ್ರತಿ ಮಾದರಿಗೂ ಬೇರೆ ಟೈಪ್ ರೇಟಿಂಗ್ ಬೇಕು, ಅದಕ್ಕೆ ಬೇರೆ ದುಡ್ಡು. ಸಾವಿರಾರು ಗಂಟೆ ಹಾರಿದ ನಿವೃತ್ತ ಯೋಧರ ಸಾಲಿನಲ್ಲಿ 150 ಗಂಟೆಯ ನಮ್ಮ ಹುಡುಗ ನಿಲ್ಲಬೇಕು. ಸಿಕ್ಕರೂ ಮೊದಲು ಸಹ ಪೈಲಟ್ ಕುರ್ಚಿ. ಅಮೆರಿಕದಲ್ಲೇ ಶಿಕ್ಷಕನಾಗಿ ಗಂಟೆ ಹೆಚ್ಚಿಸಿಕೊಳ್ಳುವವರಿದ್ದಾರೆ, ಆದರೆ ಅದು ವೀಸಾ ಮೇಲೆ ನಿಂತಿದೆ. ಎಫ್-1ನಲ್ಲಿ ಇರುವ ಅವಕಾಶ ಇವನ ಎಂ-1ನಲ್ಲಿ ತೀರಾ ಕಡಿಮೆ. ಶಾಲೆ ಆರಿಸುವಾಗಲೇ ಕೇಳಬೇಕಾದ ಪ್ರಶ್ನೆ ಇದು. ಲೈಸೆನ್ಸ್ ಬಂದ ಮೇಲೂ ಎರಡು ವರ್ಷ ಕಾಯುವುದಕ್ಕೆ ಮನೆಯಲ್ಲಿ ತ್ರಾಣ ಇದೆಯೇ ಎಂದು ಮೊದಲೇ ಕೂತು ಮಾತಾಡಿ. ನಾವು ಮಾತಾಡಿದ್ದೇವೆ. ಎರಡು ವರ್ಷ ಆಗುತ್ತದೆ, ಮೂರನೆಯದು ಆಗುವುದಿಲ್ಲ. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ತಮ್ಮ ಬಿ.ಎಸ್ಸಿ. ಮೇಲೆ ಯಾವುದಾದರೂ ಕೆಲಸ ಹಿಡಿಯುತ್ತಾನೆ. ಅದೂ ಆ ಬಿಳಿ ಹಾಳೆಯಲ್ಲಿದೆ.

ನನಗೆ ಗಂಡು ನೋಡಲು ಬಂದ ಒಂದು ಕಡೆಯವರು ಸೈಟು ಅಡವಿನಲ್ಲಿದೆ ಎಂದು ಗೊತ್ತಾಗಿ ಮತ್ತೆ ಫೋನ್ ಮಾಡಲಿಲ್ಲ. ಅಮ್ಮ ಎರಡು ದಿನ ಸಪ್ಪಗಿದ್ದರು. ನನಗೆ ಅನಿಸಿದ್ದು, ಒಳ್ಳೆಯದೇ ಆಯಿತು, ಕಾಫಿಪುಡಿ ಖರ್ಚಿನಲ್ಲೇ ಮುಗಿಯಿತು ಎಂದು.

ತಮ್ಮನದು ಈಗ 112 ಗಂಟೆ ಆಗಿದೆ. ರಾತ್ರಿ ಹಾರಾಟ ಬಾಕಿ. ಮೊನ್ನೆ ಭಾನುವಾರ ಫೋನ್ ಮಾಡಿ, ‘ಮೂರು ದಿನದಿಂದ ಹಾರಿಲ್ಲಮ್ಮ, ಮೋಡ’ ಎಂದ. ಅಮ್ಮನ ಮುಖ ಅರಳಿತು. ‘ಒಳ್ಳೇದಾಯ್ತು ಬಿಡು, ಮಲ್ಕೊ’ ಎಂದರು. ನಾನು ಪಕ್ಕದಲ್ಲಿ ಕೂತು ಮೂರು ದಿನದ ಬಾಡಿಗೆಯನ್ನು ಡಾಲರಿನಿಂದ ರೂಪಾಯಿಗೆ ತಿರುಗಿಸುತ್ತಿದ್ದೆ.