ಗಲ್ಫಿನಲ್ಲಿ ಕೂತು ಹುಣಸೂರಿನ ಮನೆ ಮಾರುವ ಮೊದಲು

ಜುಮಾ ಮುಗಿಸಿ ಊಟಕ್ಕೆ ಕೂತಿದ್ದೆವು. ಜುಬೈಲ್‌ನಿಂದ ಫೋನ್ ಬಂತು. ಮದ್ರಸದಲ್ಲಿ ನಮ್ಮ ಹತ್ತಿರ ಓದಿದ ಹುಡುಗ. ಹುಡುಗ ಅಂದರೂ ಈಗ ಎರಡು ಮಕ್ಕಳ ತಂದೆ.

“ಉಸ್ತಾದರೇ, ಕಂಪೆನಿಯವರು ಫೈನಲ್ ಎಕ್ಸಿಟ್ ಅಂತಿದ್ದಾರೆ. ಇಲ್ಲಿ ಸಾಲ ಇದೆ. ಹುಣಸೂರಿನ ಮನೆ ಕೊಟ್ಟುಬಿಡೋಣ ಅಂತ ಮಾಡಿದ್ದೇನೆ. ಪಾರ್ಟಿ 48 ಲಕ್ಷಕ್ಕೆ ಒಪ್ಪಿದ್ದಾರೆ. ಒಂದು ಜಿಪಿಎ ಕಳಿಸಿದರೆ ಸಾಕಂತೆ. ಹದಿನೈದು ಲಕ್ಷ ಕ್ಯಾಶ್ ನಾಳೆಯೇ ಕೊಡ್ತಾರಂತೆ. ನೀವು ಸ್ವಲ್ಪ ಹೋಗಿ ತೆಗೆದುಕೊಳ್ಳಬೇಕು.”

ನಾವು ಕೇಳಿದ್ದು ಒಂದೇ ಮಾತು: “ಮನೆ ಯಾರ ಹೆಸರಿನಲ್ಲಿದೆ ಮಗಾ?”

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಉಪ್ಪನ ಹೆಸರಿನಲ್ಲೇ ಇದೆ” ಅಂದ. ಉಪ್ಪ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು.

ಇದು ಒಂದು ಮನೆಯ ಕಥೆ ಅಲ್ಲ. ಬಂಟ್ವಾಳ, ಪುತ್ತೂರು ಕಡೆಯಿಂದ ಘಟ್ಟ ಹತ್ತಿ ಬಂದ ಎಷ್ಟೋ ಬ್ಯಾರಿ ಕುಟುಂಬಗಳು ಮರದ ವ್ಯಾಪಾರ, ಹೋಟೆಲು, ಒಣಮೀನು, ಅಡಿಕೆ ಅಂತ ಹೆದ್ದಾರಿಯ ಊರುಗಳಲ್ಲಿ ನೆಲೆ ಕಂಡವು. ಹಿರಿಯರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಒಂದು ಮನೆಯನ್ನೋ ಸೈಟನ್ನೋ ಮಾಡಿಟ್ಟರು. ಮಕ್ಕಳು ಸೌದಿ, ದುಬೈ, ಕುವೈತ್ ಅಂತ ಹಾರಿದರು. ಈಗ ಆಸ್ತಿ ಇಲ್ಲಿ, ವಾರಸುದಾರ ಅಲ್ಲಿ. ಮಾರುವ ಹೊತ್ತು ಬಂದಾಗ ಗಡಿಬಿಡಿಯಲ್ಲಿ ತಪ್ಪುಗಳಾಗುತ್ತವೆ. ಅದಕ್ಕಾಗಿ ನಾವು ಕಂಡು, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲ ಪ್ರಶ್ನೆ: ಯಾರದ್ದು?

ಉಪ್ಪ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಆ ಮನೆ ವಾರಸುದಾರರೆಲ್ಲರದ್ದಾಯಿತು. ಖಾತೆ ಯಾರ ಹೆಸರಿನಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ, ಗಲ್ಫಿನಿಂದ ದುಡ್ಡು ಕಳಿಸಿ ಹೆಂಚು ತೆಗೆದು ಆರ್‌ಸಿಸಿ ಹಾಕಿಸಿದ್ದು ಯಾರು ಎಂಬುದರಿಂದ ಅದು ಬದಲಾಗುವುದಿಲ್ಲ. ಮಯ್ಯಿತ್‌ನ ಖರ್ಚು, ಸಾಲ ಮತ್ತು ವಸಿಯ್ಯತ್ ತೀರಿದ ಮೇಲೆ ಉಳಿದದ್ದನ್ನು ಸೂರಾ ಅನ್ನಿಸಾದಲ್ಲಿ ಹೇಳಿದಂತೆ ಹಂಚಬೇಕು.

ನಮ್ಮ ಹುಡುಗನ ಮನೆಯಲ್ಲಿ ಉಮ್ಮ, ಇಬ್ಬರು ಗಂಡು ಮಕ್ಕಳು, ಇಬ್ಬರು ಹೆಣ್ಣು ಮಕ್ಕಳು. ಆಸ್ತಿಯನ್ನು 48 ಪಾಲು ಮಾಡಿದರೆ ಎಂಟನೇ ಒಂದು ಭಾಗ, ಅಂದರೆ 6 ಪಾಲು ಉಮ್ಮನಿಗೆ. ಉಳಿದ 42ರಲ್ಲಿ ಗಂಡು ಮಕ್ಕಳಿಗೆ ತಲಾ 14, ಹೆಣ್ಣು ಮಕ್ಕಳಿಗೆ ತಲಾ 7. ಬೆಲೆಯೂ 48 ಲಕ್ಷವೇ ಆಗಿದ್ದರಿಂದ ಲೆಕ್ಕ ಬೆರಳ ತುದಿಯಲ್ಲಿತ್ತು. ಜುಬೈಲ್‌ನ ಹುಡುಗನಿಗೆ ಬರುವುದು 14 ಲಕ್ಷ. ಅವನು ಮಾರಲು ಹೊರಟಿದ್ದು 48 ಲಕ್ಷದ್ದು.

“ತಂಗಿಯರಿಗೆ ಮದುವೆಯಲ್ಲಿ ಕೊಟ್ಟಿದ್ದೇವಲ್ಲ ಉಸ್ತಾದರೇ” ಅಂತ ಅವನೂ ಹೇಳಿದ. ಈ ಮಾತು ಎಲ್ಲ ಮನೆಯಲ್ಲೂ ಕೇಳಿ ಬರುತ್ತದೆ. ಮದುವೆಯಲ್ಲಿ ಕೊಟ್ಟ ಬಂಗಾರ ಬೇರೆ, ಉಪ್ಪನ ಮರಣದ ಮೇಲೆ ಅಲ್ಲಾಹನು ನಿಗದಿ ಮಾಡಿದ ಪಾಲು ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಹಾಕಲಾಗದು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಸುಮಾರು ಹತ್ತು ವರ್ಷದ ಹಿಂದೆ ಬೇರೊಂದು ಮನೆಯವರು ನಮ್ಮನ್ನು ಸಾಕ್ಷಿಗೆ ಕರೆದರು. ಇಬ್ಬರು ಅಕ್ಕತಂಗಿಯರು ರಿಲೀಸ್ ಡೀಡಿಗೆ ಸಹಿ ಹಾಕಿದರು, ನಾವೂ ಹಾಕಿದೆವು. ನಿಮಗೆ ಏನು ಕೊಟ್ಟರು, ಮನಸ್ಸಿನಿಂದ ಒಪ್ಪಿದ್ದೀರಾ ಅಂತ ನಾವು ಕೇಳಲಿಲ್ಲ. ಬಿರಿಯಾನಿ ಊಟ ಮಾಡಿ ಬಂದೆವು. ಅವರಲ್ಲಿ ದೊಡ್ಡವರು ಈಗ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಹಾಕಿ ಜೀವನ ಮಾಡುತ್ತಾರೆ. ಮೊಮ್ಮಗುವನ್ನು ಮದ್ರಸಕ್ಕೆ ಬಿಡಲು ಬಂದಾಗ ನಮಗೆ ಸಲಾಂ ಹೇಳುತ್ತಾರೆ. ಸಲಾಂ ಮರಳಿಸುವಾಗ ನಮಗೆ ಕಣ್ಣೆತ್ತಲು ಆಗುವುದಿಲ್ಲ. ಅಂದಿನಿಂದ ಯಾರೇ ಸಾಕ್ಷಿಗೆ ಕರೆದರೂ ಮೊದಲು ಹೆಣ್ಣು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳದೆ ಪೆನ್ನು ಮುಟ್ಟುವುದಿಲ್ಲ.

ಕಾನೂನಿನ ಕಡೆಯಿಂದ ನೋಡಿದರೂ ಅಷ್ಟೇ. ಒಬ್ಬ ವಾರಸುದಾರ ತನ್ನ ಪಾಲನ್ನು ಮಾತ್ರ ಮಾರಬಲ್ಲ. ಸಹಿ ಬಿಟ್ಟುಹೋದ ತಂಗಿ ನಾಳೆ ಕೋರ್ಟಿಗೆ ಹೋದರೆ ಕೊಂಡವನೂ ಸಿಕ್ಕಿಬೀಳುತ್ತಾನೆ, ಮಾರಿದವನೂ ಸಿಕ್ಕಿಬೀಳುತ್ತಾನೆ.

ಕಾಗದಗಳು

ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ದೃಢೀಕರಣ, ಮೂಲ ಕ್ರಯಪತ್ರ, ಇಸಿ, ಕಂದಾಯದ ರಶೀದಿ. ಇಷ್ಟನ್ನು ಮೊದಲು ಒಟ್ಟು ಮಾಡಿ. ಪಟ್ಟಣದೊಳಗಿನ ಮನೆ, ಸೈಟಿಗೆ ವಾರಸುದಾರರ ಹೆಸರಿಗೆ ಖಾತೆ ಬದಲಾಗಿ ಇ-ಖಾತೆ ಆಗಬೇಕು. ಜಮೀನಾದರೆ ಪೌತಿ ಖಾತೆ ಆಗಿ ಪಹಣಿಯಲ್ಲಿ ಎಲ್ಲರ ಹೆಸರು ಬರಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆಯೂ ಬೇಕು.

ಹಳೆಯ ಪತ್ರ ಇಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಿ. ಸರಗೂರು ಈಗ ಎಚ್.ಡಿ. ಕೋಟೆಯಿಂದ, ಸಾಲಿಗ್ರಾಮ ಈಗ ಕೆ.ಆರ್. ನಗರದಿಂದ ಬೇರೆಯಾಗಿ ಸ್ವಂತ ತಾಲೂಕುಗಳಾಗಿವೆ. ಉಪ್ಪನ ಪತ್ರದಲ್ಲಿರುವ ತಾಲೂಕಿನ ಹೆಸರು ನೋಡಿ ಹಳೆಯ ಕಚೇರಿಗೆ ಅಲೆದು ರಜೆ ಮುಗಿಸಿಕೊಂಡವರನ್ನು ನಾವು ಕಂಡಿದ್ದೇವೆ.

ರಜೆಗೆ ಊರಿಗೆ ಬಂದಾಗ ಮದುವೆ, ಮೌಲೂದು, ನೆಂಟರ ಮನೆ ಅಂತ ತಿರುಗುವುದರ ಜೊತೆಗೆ ಎರಡು ದಿನ ಈ ಕೆಲಸಕ್ಕೆ ಇಡಿ. ಮಾರುವ ಯೋಚನೆ ಇಲ್ಲದಿದ್ದರೂ ಇಡಿ.

ಅನಿವಾಸಿ ಏನನ್ನು ಮಾರಬಹುದು?

ವಿದೇಶಿ ವಿನಿಮಯಕ್ಕೆ ಸಂಬಂಧಪಟ್ಟ 1999ರ ಕಾಯ್ದೆ, ಅಂದರೆ ಫೆಮಾ, ಹೇಳುವುದು ಹೀಗೆ: ಅನಿವಾಸಿ ಭಾರತೀಯ ಇಲ್ಲಿ ಮನೆ, ಸೈಟು, ಅಂಗಡಿ ಕೊಳ್ಳಬಹುದು, ಮಾರಲೂಬಹುದು. ಆದರೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಉಪ್ಪನಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯನಿಗೆ ಮಾತ್ರ. ದುಬೈಯಲ್ಲಿರುವ ಭಾವನಿಗೆ ಮಾರುವಂತಿಲ್ಲ.

ಇಲ್ಲಿ ದೊಡ್ಡ ತಪ್ಪು ತಿಳುವಳಿಕೆ ಇದೆ. 2020ರಲ್ಲಿ ಕರ್ನಾಟಕ ಸರಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ರೈತರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿತು. ಇನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು ಅಂತ ಬ್ರೋಕರುಗಳು ಗಲ್ಫಿಗೆ ವಾಟ್ಸಾಪ್ ಮಾಡಿದರು. ಎಚ್.ಡಿ. ಕೋಟೆ ಕಡೆ ಎರಡೆರಡು ಎಕರೆ ತೆಗೆದುಕೊಂಡವರೂ ಇದ್ದಾರೆ. ರಾಜ್ಯದ ಕಾನೂನು ಬದಲಾದದ್ದು ನಿಜ. ಕೇಂದ್ರದ ಫೆಮಾ ಬದಲಾಗಿಲ್ಲ. ಕೆಲಸಕ್ಕಾಗಿ ವಿದೇಶದಲ್ಲಿ ಇರುವವನು ತನ್ನ ಹೆಸರಿಗೆ ಕೃಷಿ ಜಮೀನು ಕೊಂಡರೆ ಅದು ಉಲ್ಲಂಘನೆ. ದಂಡ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಕೊಂಡುಬಿಟ್ಟವರು ಸುಮ್ಮನೆ ಕೂರದೆ ತಿಳಿದ ವಕೀಲರನ್ನು ಕಂಡು, ರಿಸರ್ವ್ ಬ್ಯಾಂಕಿನ ಮುಂದೆ ತಪ್ಪು ಒಪ್ಪಿ ರಾಜಿ ಮಾಡಿಕೊಳ್ಳುವ ದಾರಿ ಇದೆಯೇ ಕೇಳಬೇಕು.

ಇನ್ನೊಂದು ಎಚ್ಚರಿಕೆ: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನು ಸರಕಾರದ ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ಊರ್ಜಿತವಲ್ಲ. ಉಪ್ಪ ಕೊಂಡ ಜಮೀನಿನ ಮೂಲ ಮಂಜೂರಾತಿ ಯಾರಿಗೆ ಆಗಿತ್ತು ಎಂಬುದನ್ನು ನೋಡದೆ ಯಾರಿಗೂ ಮಾತು ಕೊಡಬೇಡಿ.

ಮುಖ್ತ್ಯಾರು ಯಾರಿಗೆ?

“ಜಿಪಿಎ ಕಳಿಸಿದರೆ ಸಾಕು” ಅಂತ ಹೇಳುವವರನ್ನು ನಂಬಬೇಡಿ. ಜಿಪಿಎ ಬರೆದುಕೊಟ್ಟು ಹಣ ತೆಗೆದುಕೊಂಡ ಮಾತ್ರಕ್ಕೆ ಆಸ್ತಿಯ ಹಕ್ಕು ವರ್ಗಾವಣೆ ಆಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಬರಲಾಗದವರು ಈ ಒಂದು ಮಾರಾಟಕ್ಕೆ ಮಾತ್ರ ಸೀಮಿತವಾದ ಸ್ಪೆಷಲ್ ಪವರ್ ಕೊಡಿ. ಅದರಲ್ಲಿ ಖಾತೆ ನಂಬರು, ಚೆಕ್ಕುಬಂದಿ, ಬೆಲೆ ಎಲ್ಲ ಇರಲಿ. ಕ್ರಯಪತ್ರಕ್ಕೆ ಸಹಿ ಹಾಕಿ ಸಬ್ ರಿಜಿಸ್ಟ್ರಾರ್ ಮುಂದೆ ಹಾಜರಾಗುವ ಅಧಿಕಾರ ಸಾಕು. ಹಣ ಪಡೆಯುವ ಅಧಿಕಾರ ಬೇಡ, ಅದು ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ. ಸಹಿ ಭಾರತೀಯ ರಾಯಭಾರ ಕಚೇರಿಯಲ್ಲಿ ಅಧಿಕಾರಿಯ ಮುಂದೆ ಆಗಬೇಕು. ಜುಬೈಲ್, ದಮ್ಮಾಮ್‌ನವರಿಗೆ ರಿಯಾದ್, ಮಕ್ಕಾ, ಮದೀನಾ ಕಡೆಯವರಿಗೆ ಜಿದ್ದಾ. ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕಪಾಟಿನಲ್ಲಿ ಇಟ್ಟು ಮರೆತರೆ ತೊಂದರೆ.

ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು ಬಿಟ್ಟು ಹೊರಗಿನವರಿಗೆ ಮಾರುವ ಅಧಿಕಾರ ಕೊಟ್ಟರೆ ಶುಲ್ಕ ಆಸ್ತಿಯ ಬೆಲೆಯ ಮೇಲೆ ಬೀಳುತ್ತದೆ. ಅದಕ್ಕೇ ನಾವು ಹುಡುಗನಿಗೆ, “ನಮಗೆ ಬೇಡ, ತಮ್ಮನಿಗೆ ಕೊಡು” ಅಂದೆವು. ಉಸ್ತಾದರನ್ನು ನಂಬುತ್ತೀರಿ, ಸಂತೋಷ. ಆದರೆ ಹಣದ ವ್ಯವಹಾರಕ್ಕೆ ಪ್ರೀತಿ ಸಾಕಾಗದು, ಕಾಗದ ಬೇಕು.

ತೆರಿಗೆ: 50 ಲಕ್ಷದ ಗೊಂದಲ

“48 ಲಕ್ಷ ತಾನೇ, 50ರ ಒಳಗೆ ಟಿಡಿಎಸ್ ಇಲ್ಲ” ಅಂತ ಪಾರ್ಟಿ ಹೇಳಿದ್ದರು. ಊರಲ್ಲೇ ಇರುವ ಉಮ್ಮ, ತಮ್ಮ, ತಂಗಿಯರಿಗೆ ಅದು ಸರಿ. 50 ಲಕ್ಷ ಮತ್ತು ಮೇಲ್ಪಟ್ಟ ಮಾರಾಟಕ್ಕೆ ಶೇ. 1 ಎಂಬುದು ನಿವಾಸಿಗಳ ನಿಯಮ. ಅನಿವಾಸಿಗೆ ಆ ಮಿತಿ ಇಲ್ಲ. 1961ರ ಕಾಯ್ದೆಯಲ್ಲಿ ಇದು 195ನೇ ಸೆಕ್ಷನ್. ಕೊಳ್ಳುವವನು ಮೊದಲ ರೂಪಾಯಿಯಿಂದಲೇ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಕಟ್ಟದಿದ್ದರೆ ಅವನೇ ಹೊಣೆ. ಮಾರುವವನು ವಿದೇಶದಲ್ಲಿದ್ದಾನೆ ಎಂಬುದನ್ನು ಮುಚ್ಚಿಟ್ಟು ಆ ಹೊಣೆಯನ್ನು ಅವನ ತಲೆಗೆ ಕಟ್ಟುವುದು ವಂಚನೆಯೇ.

ಲೆಕ್ಕ ಹೀಗೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲದ ಆಸ್ತಿಯ ಲಾಭಕ್ಕೆ 2024ರ ಜುಲೈ 23ರಿಂದ ತೆರಿಗೆ ಶೇ. 12.5, ಅದರ ಮೇಲೆ ಶೇ. 4 ಸೆಸ್. ಒಟ್ಟು ಶೇ. 13. ವಾರಸಿನ ಆಸ್ತಿಗೆ ಉಪ್ಪನ ಕಾಲವೂ ಸೇರುತ್ತದೆ. ಬೆಲೆಯೇರಿಕೆ ಲೆಕ್ಕ ಹಾಕಿ ಶೇ. 20 ಕಟ್ಟುವ ಹಳೆಯ ಆಯ್ಕೆಯನ್ನು ನಿವಾಸಿಗಳಿಗೆ ಉಳಿಸಿದ್ದಾರೆ, ಅನಿವಾಸಿಗಳಿಗೆ ಇಲ್ಲ. ನಮ್ಮ ಹುಡುಗನ 14 ಲಕ್ಷದ ಪೂರ್ತಿ ಮೊತ್ತಕ್ಕೆ ಹಿಡಿದರೆ 1,82,000 ರೂಪಾಯಿ. ಆದರೆ ತೆರಿಗೆ ಇರುವುದು ಲಾಭಕ್ಕೆ. ಉಪ್ಪ 2001ಕ್ಕಿಂತ ಮೊದಲು ಕಟ್ಟಿಸಿದ ಮನೆಯಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ಕಳೆಯಬಹುದು. ಅವನ ಪಾಲಿಗೆ ಅದು 1.4 ಲಕ್ಷ ಅಂತಿಟ್ಟುಕೊಂಡರೆ ತೆರಿಗೆ 1,63,800. ಹೆಚ್ಚು ಹಿಡಿದದ್ದನ್ನು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಇಲ್ಲವೇ ಮಾರಾಟಕ್ಕೆ ಮೊದಲೇ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಹಿಡಿಯುವ ಪ್ರಮಾಣಪತ್ರ ಮಾಡಿಸಿಕೊಳ್ಳಬಹುದು. ಲಾಭವನ್ನು ಎರಡು ವರ್ಷದೊಳಗೆ ಭಾರತದಲ್ಲೇ ಇನ್ನೊಂದು ಮನೆಗೆ ಹಾಕಿದರೆ ವಿನಾಯಿತಿಯೂ ಇದೆ. ಪಾನ್ ಕಾರ್ಡ್ ಇಲ್ಲದವರು ಅದನ್ನು ಮೊದಲು ಮಾಡಿಸಿ.

ಹಳ್ಳಿಯ ಕೃಷಿ ಜಮೀನಿಗೆ ಈ ಲಾಭದ ತೆರಿಗೆ ಇಲ್ಲ. ನಮ್ಮ ನಾಲ್ಕೂ ಪಟ್ಟಣಗಳು ಹತ್ತು ಸಾವಿರಕ್ಕೆ ಮೇಲ್ಪಟ್ಟು ಲಕ್ಷದೊಳಗಿನ ಜನಸಂಖ್ಯೆಯವು. ಆದ್ದರಿಂದ ಪಟ್ಟಣದ ಗಡಿಯಿಂದ ನೇರ ಅಳತೆಯಲ್ಲಿ 2 ಕಿಲೋಮೀಟರ್ ಆಚೆಗಿನ ಜಮೀನು ಆ ಲೆಕ್ಕಕ್ಕೆ ಬರುತ್ತದೆ.

ಇನ್ನು ಆ ಹದಿನೈದು ಲಕ್ಷದ ಕ್ಯಾಶು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಮೇಲ್ಪಟ್ಟ ನಗದು ಮುಂಗಡ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹಣ ಎನ್‌ಆರ್‌ಒ ಖಾತೆಗೆ ಬರಲಿ. ತೆರಿಗೆ ತೀರಿಸಿ, ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಕೊಟ್ಟರೆ ಆ ಖಾತೆಯಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಲು ಅವಕಾಶ ಇದೆ. ಹುಂಡಿಯ ದಾರಿ ಹಿಡಿಯಬೇಡಿ.

ಉಮ್ಮ ಎಲ್ಲಿ ಇರುತ್ತಾರೆ?

ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯ ಟಿಬೆಟಿಯನ್ನರನ್ನು ನಾವೆಲ್ಲ ನೋಡುತ್ತೇವೆ. 1960ರ ದಶಕದ ಆರಂಭದಲ್ಲಿ ಬಂದವರು. ಕಾಡು ಕಡಿದು ಜೋಳ ಬೆಳೆದರು. ಮೂರು ತಲೆಮಾರು ಕಳೆದರೂ ಆ ನೆಲ ಸರಕಾರ ಗೇಣಿಗೆ ಕೊಟ್ಟದ್ದು, ಮಾರುವ ಹಾಗಿಲ್ಲ. ನಮ್ಮವರೂ ಸೌದಿಯಲ್ಲಿ, ಕುವೈತ್‌ನಲ್ಲಿ ಮೂವತ್ತು ವರ್ಷ ದುಡಿದು ಒಂದು ಹಿಡಿ ಮಣ್ಣಿನ ಹಕ್ಕಿಲ್ಲದೆ ಬರುತ್ತಾರೆ. ಹಾಗೆ ಬರುವವರಿಗೆ ಊರಿನ ಮನೆಯೊಂದೇ ಆಧಾರ. ಅದನ್ನು ಮಾರುವ ಮೊದಲು ಸಾಲ ತೀರಿಸಲು ಬೇರೆ ದಾರಿ ಇದೆಯೇ ನೋಡಬೇಕು. ದಾರಿಯೇ ಇಲ್ಲದಿದ್ದರೆ ಅದರಲ್ಲಿ ವಾಸ ಇರುವ ಉಮ್ಮ ನಾಳೆ ಎಲ್ಲಿ ಇರುತ್ತಾರೆ ಎಂಬುದನ್ನು ಮೊದಲು ತೀರ್ಮಾನ ಮಾಡಿ, ಆಮೇಲೆ ಬೆಲೆ ಮಾತಾಡಿ.

ನಮ್ಮ ಹುಡುಗನ ಮನೆಯವರು ಹಾಗೇ ಮಾಡಿದರು. ಏಳು ತಿಂಗಳು ಹಿಡಿಯಿತು. ಮೊದಲ ಪಾರ್ಟಿ ಬಿಟ್ಟುಹೋದರು, ಇನ್ನೊಬ್ಬರು ಅದೇ ಬೆಲೆಗೆ ಬಂದರು. ಉಮ್ಮ ತಮ್ಮನ ಮನೆಗೆ ಹೋದರು, ಅವರ 6 ಲಕ್ಷ ಅವರ ಹೆಸರಿನಲ್ಲೇ ಬ್ಯಾಂಕಿನಲ್ಲಿದೆ. ಕಿರಿಯ ತಂಗಿ ಗಂಡನನ್ನು ಕಳಕೊಂಡವಳು. ನೋಂದಣಿ ಮುಗಿಸಿ ಹೊರಗೆ ಬಂದಾಗ ಮೊಬೈಲಿಗೆ 7 ಲಕ್ಷದ ಮೆಸೇಜ್ ಬಂತು. ಅದನ್ನು ಎರಡು ಸಲ ಓದಿ, “ಉಸ್ತಾದರೇ, ಇದು ನನ್ನದೇ ಅಲ್ವಾ? ಯಾರಿಗೂ ವಾಪಸ್ ಕೊಡಬೇಕಾಗಿಲ್ಲ ಅಲ್ವಾ?” ಅಂತ ಕೇಳಿದಳು.

“ನಿನ್ನದೇ ಮಗಳೇ, ಉಪ್ಪ ತೀರಿಕೊಂಡ ದಿನದಿಂದಲೇ ನಿನ್ನದು” ಅಂದೆವು.

ಜುಬೈಲ್‌ನ ಹುಡುಗನಿಗೆ ಅವನು ಅಂದುಕೊಂಡಷ್ಟು ಸಿಗಲಿಲ್ಲ. ಅಲ್ಲಿನ ಸಾಲ ತೀರಿತು, ಕೈಯಲ್ಲಿ ಸ್ವಲ್ಪ ಉಳಿಯಿತು. ಮೊನ್ನೆ ಊರಿಗೆ ಬಂದವನು ಮದ್ರಸಕ್ಕೂ ಬಂದ. ತಂಗಿಯ ಮಗನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದ.