ಮನೆಯ ಕಂಪ್ಯೂಟರಿಗೆ ಯಜಮಾನರು ಯಾರು?

ಸುಬ್ರಹ್ಮಣ್ಯದ ಆಸುಪಾಸಿನಲ್ಲಿ ನಾನು ಬಲ್ಲ ತೋಟದ ಮನೆಗಳಲ್ಲಿ ಒಳಕೋಣೆಗಳಿಗೆ ಬೀಗ ಹಾಕುವ ರೂಢಿಯಿಲ್ಲ. ಅಂಥಲ್ಲಿ ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ, ಪ್ರತ್ಯೇಕ ಪಾಸ್‌ವರ್ಡ್ ಇರಲಿ ಎಂದರೆ ಹಿರಿಯರು ಹುಬ್ಬುಗಂಟಿಕ್ಕುತ್ತಾರೆ. ‘ನಮ್ಮೊಳಗೇ ಎಂಥ ಗುಟ್ಟು?’ ಎನ್ನುತ್ತಾರೆ.

ಈ ಸಡಿಲಿಕೆಗೆ ಯಂತ್ರದ ಕುಮ್ಮಕ್ಕೂ ಇದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯನ್ನು ಸ್ಥಾಪಿಸುವಾಗ ಹೆಸರು ಕೊಟ್ಟವರೆಲ್ಲ ಪಾಸ್‌ವರ್ಡ್ ಕೂಡ ಇಲ್ಲದ ಅಡ್ಮಿನಿಸ್ಟ್ರೇಟರ್‌ಗಳಾಗುತ್ತಿದ್ದರು. 2007ರಲ್ಲಿ ಮನೆಗಳಿಗೆ ಬಂದ ವಿಸ್ಟಾ ದೊಡ್ಡ ಬದಲಾವಣೆಗಳಿಗೆ ಅಪ್ಪಣೆ ಕೇಳತೊಡಗಿತಾದರೂ, ವಿಂಡೋಸ್‌ನಲ್ಲಿ ಮೊದಲ ಖಾತೆಗೆ ಪೂರ್ಣಾಧಿಕಾರ ಕೊಡುವ ಕ್ರಮ ಇಂದಿಗೂ ಉಳಿದಿದೆ. ಅದೇ ಖಾತೆಯಲ್ಲಿ ಮಗ ಆಟವಾಡುತ್ತಾನೆ, ಅಪ್ಪ ಬ್ಯಾಂಕಿನ ವ್ಯವಹಾರ ನಡೆಸುತ್ತಾನೆ. ಪುಕ್ಕಟೆ ಆಟದ ಬೆನ್ನಿಗೆ ಬಂದ ಕಳ್ಳ ತಂತ್ರಾಂಶಕ್ಕೆ ಅಪ್ಪನ ಕಡತಗಳೂ ಕೈಗೆಟುಕುತ್ತವೆ.

ಆದ್ದರಿಂದ ನಮ್ಮ ಮನೆಯಲ್ಲಿ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ನಿತ್ಯದ ಬಳಕೆಯಿಂದ ಹೊರಗಿಟ್ಟು, ನನ್ನನ್ನೂ ಸೇರಿಸಿ ಎಲ್ಲರಿಗೂ ಸಾಮಾನ್ಯ ಖಾತೆ ತೆರೆದೆವು. ಹೊಸ ತಂತ್ರಾಂಶ ಅಳವಡಿಸುವಾಗಷ್ಟೇ ಆ ದೊಡ್ಡ ಪಾಸ್‌ವರ್ಡ್ ಬೇಕು. ಮಗನಿಗೆ ಕಿರಿಕಿರಿ, ಇರಲಿ.

ಆ ಪಾಸ್‌ವರ್ಡ್ ಯಾರ ಬಳಿ ಇರಬೇಕು ಎಂಬುದೇ ನಿಜವಾದ ತೊಡಕು. ಅಡ್ಮಿನಿಸ್ಟ್ರೇಟರ್ ಮನಸ್ಸು ಮಾಡಿದರೆ ಉಳಿದವರ ಕಡತಗಳನ್ನೂ ತೆರೆಯಬಲ್ಲ. ಕಾಲೇಜಿಗೆ ಹೋಗುವ ಮಗಳು ಇದನ್ನು ತಿಳಿದೇ ನನ್ನ ಮುಖ ನೋಡಿದಳು. ಅವಳ ಬಳಿಯೇ ಇರಲೆಂದು ತೀರ್ಮಾನಿಸಿದೆವು. ನನ್ನ ಅಡಿಕೆಯ ಲೆಕ್ಕವನ್ನು ಅವಳು ನೋಡಿದರೆ ನಷ್ಟವಿಲ್ಲ. ಅವಳ ಬರಹವನ್ನು ನಾನು ನೋಡಿದರೆ ಇದೆ.

ಪಾಸ್‌ವರ್ಡಿನ ಒಂದು ಪ್ರತಿ ಅಂಟಿಸಿದ ಲಕೋಟೆಯಲ್ಲಿ, ಪಹಣಿ ಪತ್ರಗಳೊಡನೆ ಕಪಾಟಿನಲ್ಲಿದೆ. ಅವಳು ಊರಲ್ಲಿಲ್ಲದಾಗ ಅದನ್ನು ಒಡೆಯುವ ಅಧಿಕಾರ ಅವಳ ಅಮ್ಮನದು.