ಬೂಕನಕೆರೆಯ ತಟ್ಟೆಯಲ್ಲಿ ಇಲ್ಲದ ಬೆಂಕಿ!

ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆ ಎಂದರೆ ಯಡಿಯೂರಪ್ಪನವರ ಹುಟ್ಟೂರು ಎಂದಷ್ಟೇ ಹೊರಗಿನವರಿಗೆ ಗೊತ್ತು. ಆ ಊರಿನ ಯಾವುದೇ ಮನೆಯಲ್ಲಿ ಉಪ್ಸಾರು ಮುದ್ದೆಗೆ ಕೂತು ನೋಡಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಸೇರಿಸಿ ಅರೆದ ಖಾರವನ್ನು ತಟ್ಟೆಯ ಅಂಚಿಗೆ ಒಂದಿಷ್ಟು ಹಚ್ಚುತ್ತಾರೆ. ಮುದ್ದೆಯ ತುತ್ತಿಗೆ ಅದನ್ನು ಸೋಕಿಸಿ ನುಂಗಿದಿರೋ, ತುಟಿ ಧಗಧಗ, ಮೂಗಲ್ಲಿ ನೀರು, ನೆತ್ತಿಯಲ್ಲಿ ಬೆವರು! ಈಗ ಅದೇ ಖಾರಕ್ಕೊಂದು ಥರ್ಮಾಮೀಟರ್ ಚುಚ್ಚಿ. ತಣ್ಣಗಿದೆ. ಸುಡುವ ಬಿಸಿ ಅದರಲ್ಲಿ ಎಲ್ಲೂ ಇಲ್ಲ!

ಹಾಗಾದರೆ ಉರಿದದ್ದೇನು?

ಏನೂ ಉರಿಯಲಿಲ್ಲ. ನಮ್ಮ ನರಗಳ ತುದಿಯಲ್ಲಿ ಬಿಸಿಯನ್ನು ಪತ್ತೆಹಚ್ಚುವ ಒಂದು ಪ್ರೋಟೀನ್ ಇದೆ. ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆದುಕೊಂಡು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಅಣು ಹೋಗಿ ಅದಕ್ಕೆ ಅಂಟಿಕೊಂಡರೆ ಸಾಕು, ಬಿಸಿಯೇ ಇಲ್ಲದೆ ಅದು ತೆರೆದುಕೊಳ್ಳುತ್ತದೆ. ಬಣವೆಗೆ ಬೆಂಕಿ ಬಿತ್ತೆಂದು ಸುಮ್ಮಸುಮ್ಮನೆ ಕೂಗಿ ಊರನ್ನೆಲ್ಲ ಓಡಿಸುವ ತುಂಟ ಹುಡುಗನ ಕೆಲಸ ಇದು. ಮಿದುಳು ನಂಬಿಬಿಡುತ್ತದೆ, ಬೆವರು ಸುರಿಸಿ ಮೈ ತಣಿಸಲು ಹೊರಡುತ್ತದೆ! ಈ ಪ್ರೋಟೀನನ್ನು 1997ರಲ್ಲಿ ಪತ್ತೆಹಚ್ಚಿದ್ದು ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ. 2021ರ ವೈದ್ಯಕೀಯ ನೊಬೆಲ್ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ಬಂತು. ಮೆಣಸಿನಕಾಯಿಯ ಜಾಡು ಹಿಡಿದು ಸ್ಟಾಕ್‌ಹೋಮ್‌ವರೆಗೆ!

ಖಾರ ಇರುವುದು ಬೀಜದಲ್ಲಿ ಎಂದು ಬೀಜ ಉದುರಿಸಿ ಹಾಕುವವರು ಕೇಳಿ: ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಕಚ್ಚಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ಅದು ತಗುಲಿಕೊಂಡಿರುತ್ತದೆ, ಅಷ್ಟೆ. ಗಿಡ ಇಷ್ಟೆಲ್ಲ ಹೂಡಿರುವುದು ಯಾರಿಗಾಗಿ ಗೊತ್ತೆ? ಬೀಜವನ್ನು ಅಗಿದು ಹಾಳುಮಾಡುವ ಇಲಿ ಹೆಗ್ಗಣಗಳಂಥ ಪ್ರಾಣಿಗಳಿಗೆ. ಹಕ್ಕಿಗಳ ಟಿಆರ್‌ಪಿವಿ1ಗೆ ಕ್ಯಾಪ್ಸೈಸಿನ್ ನಾಟುವುದೇ ಇಲ್ಲ. ಗಿಳಿ ಹಣ್ಣುಮೆಣಸಿನಕಾಯಿಯನ್ನು ನೆಮ್ಮದಿಯಾಗಿ ತಿನ್ನುತ್ತದೆ, ಹಕ್ಕಿಗಳ ಹಿಕ್ಕೆಯಲ್ಲಿ ಬೀಜ ಊರೂರು ಸುತ್ತುತ್ತದೆ. ಇಲಿ ಹೆಗ್ಗಣಗಳನ್ನು ಬೆದರಿಸಲು ಹೂಡಿದ ಆಟಕ್ಕೆ ಮನುಷ್ಯನೊಬ್ಬ ಮರುಳಾಗಿ ಇನ್ನಷ್ಟು ಖಾರ ಹಾಕಿ ಎಂದು ತಟ್ಟೆ ಒಡ್ಡಿದ! ದೃಷ್ಟಿ ತೆಗೆದು ಒಲೆಗೆಸೆದ ಒಣಮೆಣಸಿನಕಾಯಿ ಮನೆಮಂದಿಯನ್ನೆಲ್ಲ ಕೆಮ್ಮಿಸುತ್ತದಲ್ಲ, ಆ ಘಾಟಿನ ಹಿಂದಿರುವುದೂ ಇದೇ ಅಣು. ಉಸಿರಿನ ದಾರಿಯ ನರಗಳಲ್ಲೂ ಅದೇ ಪ್ರೋಟೀನ್ ಕಾವಲು ಕೂತಿದೆ.

ಇನ್ನೂ ಸೋಜಿಗ ಮುಂದಿದೆ. ಕೂಗಿಸಿ ಕೂಗಿಸಿ ದಣಿಸಿದರೆ ಆ ನರವೇ ನೋವಿನ ಸುದ್ದಿ ಕಳಿಸುವುದನ್ನು ಕೆಲಕಾಲ ನಿಲ್ಲಿಸಿಬಿಡುತ್ತದೆ. ಸರ್ಪಸುತ್ತು ವಾಸಿಯಾದ ಮೇಲೂ ಬಿಡದೆ ಕಾಡುವ ನರನೋವಿಗೆ ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಅಮೆರಿಕ 2009ರಲ್ಲಿ ಒಪ್ಪಿಕೊಂಡಿತು. ಉರಿಸುವ ವಸ್ತುವೇ ಉರಿಗೆ ಮದ್ದು!

ಬಣ್ಣದ ಕಥೆ ಬೇರೆಯೇ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಮ್ಮಿ, ಕೆಂಪು ಜಾಸ್ತಿ. ಆ ಕೆಂಪಿನ ಹೆಸರು ಕ್ಯಾಪ್ಸಾಂಥಿನ್, ಕ್ಯಾರೆಟ್ಟಿನ ಬಣ್ಣದ ಬಳಗದ್ದೇ. ಅದನ್ನು ಓಲಿಯೊರೆಸಿನ್ ಎಂಬ ಎಣ್ಣೆಯಂಥ ಸಾರವಾಗಿ ಹಿಂಡಿ ತಿನಿಸುಗಳಿಗೂ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಹಸಿಮೆಣಸಿನಕಾಯಲ್ಲಂತೂ ತೂಕಕ್ಕೆ ತೂಕ ಕಿತ್ತಳೆಗಿಂತ ಹೆಚ್ಚು ವಿಟಮಿನ್ ಸಿ. 1930ರ ದಶಕದಲ್ಲಿ ಹಂಗೇರಿಯ ಸೆಂಟ್ ಜಾರ್ಜಿ ಈ ವಿಟಮಿನ್ನನ್ನು ರಾಶಿಗಟ್ಟಲೆ ಬೇರ್ಪಡಿಸಿದ್ದು ಕೆಂಪು ಮೆಣಸಿನಕಾಯಿಂದಲೇ. 1937ರಲ್ಲಿ ಅವರಿಗೂ ನೊಬೆಲ್!

ಆದರೆ ನನ್ನನ್ನು ನಿಜಕ್ಕೂ ಬೆರಗಾಗಿಸಿದ್ದು ಬೂಕನಕೆರೆಯಿಂದ ಬಹು ದೂರವಿಲ್ಲದ ಮೈಸೂರು. ಅಲ್ಲಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಹೊಟ್ಟೆಹುಣ್ಣು ಎಂದ ಕೂಡಲೇ ನಾವು ಹಳ್ಳಿ ಪಟ್ಟಣವೆನ್ನದೆ ಬೈಯುವುದು ಯಾರನ್ನು? ಮೆಣಸಿನಕಾಯನ್ನು. ಆ ಸಂಸ್ಥೆಯ ಎಂ.ಎನ್. ಸತ್ಯನಾರಾಯಣ ಅವರು ಜಗತ್ತಿನ ಸಂಶೋಧನೆಗಳನ್ನೆಲ್ಲ ಜಾಲಾಡಿ 2006ರಲ್ಲಿ ಬರೆದದ್ದು ತದ್ವಿರುದ್ಧ: ಕ್ಯಾಪ್ಸೈಸಿನ್ ಜಠರದ ಆಮ್ಲವನ್ನು ಹೆಚ್ಚಿಸುವುದಿಲ್ಲ, ತಗ್ಗಿಸುತ್ತದೆ. ಲೋಳೆಯನ್ನೂ ಜಠರದ ಒಳಪೊರೆಯ ರಕ್ತಸಂಚಾರವನ್ನೂ ಹೆಚ್ಚಿಸುತ್ತದೆ. ಹುಣ್ಣಿನ ಮುಖ್ಯ ಅಪರಾಧಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ; ನೋವಿನ ಗುಳಿಗೆಗಳದ್ದೂ ಅದರಲ್ಲಿ ಪಾಲಿದೆ. ಇಷ್ಟು ಕಾಲ ನಿರಪರಾಧಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೆವು! ಅದೇ ಸಂಸ್ಥೆಯ ಕೆ. ಶ್ರೀನಿವಾಸನ್ ಮತ್ತು ಜೊತೆಗಾರರು ಇಲಿಗಳಲ್ಲಿ ಕಂಡದ್ದು ಮತ್ತೊಂದು. ಪಿತ್ತಕೋಶದಲ್ಲಿ ಕಲ್ಲು ಕಟ್ಟಿಸುವಂಥ ಆಹಾರದ ಜೊತೆ ಕ್ಯಾಪ್ಸೈಸಿನ್ ಕೊಟ್ಟಾಗ ಕಲ್ಲು ಕಟ್ಟುವುದು ತಗ್ಗಿತು.

ಹಾಗೆಂದು ಹಿಡಿಗಟ್ಟಲೆ ತಿನ್ನಬೇಡಿ. ಚೀನಾದಲ್ಲಿ ಸುಮಾರು 5 ಲಕ್ಷ ಜನರನ್ನು ಗಮನಿಸಿದ 2015ರ ಅಧ್ಯಯನದಲ್ಲಿ, ಹೆಚ್ಚುಕಡಿಮೆ ದಿನವೂ ಖಾರ ತಿನ್ನುವವರಲ್ಲಿ ಸಾವಿನ ಅಪಾಯ ಶೇ 14ರಷ್ಟು ಕಮ್ಮಿ ಕಂಡಿತು ನಿಜ. ಅದು ಖಾರದಿಂದಲೇ ಎಂದು ಇಂಥ ಅಧ್ಯಯನ ಹೇಳಲಾರದು. ಈಗಾಗಲೇ ಹುಣ್ಣಾಗಿರುವವರಿಗೆ, ಎದೆಯುರಿ, ಮೂಲವ್ಯಾಧಿ ಇರುವವರಿಗೆ ಖಾರ ಹಿಂಸೆಯೇ. ಅವರು ಕಮ್ಮಿ ಮಾಡುವುದೇ ಸರಿ. ಬಾಯಿ ಉರಿದರೆ ನೀರು ಕುಡಿದು ಫಲವಿಲ್ಲ, ಕ್ಯಾಪ್ಸೈಸಿನ್ ನೀರಲ್ಲಿ ಕರಗುವುದಿಲ್ಲ. ಹಾಲೋ ಮೊಸರೋ ತೆಗೆದುಕೊಳ್ಳಿ. ಹೊಟ್ಟೆಯಲ್ಲಿನ ಉರಿ ವಾರಗಟ್ಟಲೆ ಬಿಡದಿದ್ದರೆ ಮಾತ್ರ ಮೆಣಸಿನಕಾಯನ್ನು ಬೈಯುತ್ತ ಕೂರಬೇಡಿ, ವೈದ್ಯರ ಹತ್ತಿರ ಹೋಗಿ ಪೈಲೋರಿ ಪರೀಕ್ಷೆ ಮಾಡಿಸಿಕೊಳ್ಳಿ.